ಕಣಿಕೆಯ ಲೆಕ್ಕ ಮೊದಲು, ದನದ ಲೆಕ್ಕ ಆಮೇಲೆ
ಹುನಗುಂದ ಭಾಗದ ಎರೆಭೂಮಿಯಲ್ಲಿ ಮಿಶ್ರ ಒಕ್ಕಲುತನ

ಹುನಗುಂದ, ಇಳಕಲ್ಲ, ಬಾಗಲಕೋಟೆ, ಬಾದಾಮಿ ತಾಲೂಕುಗಳ ಒಕ್ಕಲುತನ ಬಹುಪಾಲು ಮಳೆಯನ್ನೇ ನಂಬಿದ್ದು. ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡಿದರೂ, ನಾರಾಯಣಪುರ ಜಲಾಶಯದ ಹಿನ್ನೀರು ಊರಂಚಿನವರೆಗೆ ಬಂದು ನಿಂತರೂ, ಕಾಲುವೆಯ ನೀರು ಕಾಣದ ಎರೆಹೊಲಗಳೇ ಇಲ್ಲಿ ವಿಶಾಲವಾಗಿ ಹಬ್ಬಿವೆ. ಉತ್ತರ ಒಣ ವಲಯವೆಂದು ಕರೆಯುವ ಈ ಪ್ರದೇಶದಲ್ಲಿ ವರ್ಷದ ಸರಾಸರಿ ಮಳೆ ಸ್ಥಳದಿಂದ ಸ್ಥಳಕ್ಕೆ 465 ರಿಂದ 785 ಮಿಲಿಮೀಟರಿನವರೆಗೆ ಇದೆ. ಅದರಲ್ಲಿ ಹೆಚ್ಚಿನ ಪಾಲು ಹುಬ್ಬಿ, ಉತ್ತರಿ, ಹಸ್ತಿ ಮಳೆಗಳಲ್ಲಿ ಬೀಳುತ್ತದೆ. ಆ ಮಳೆ ನೆಲದಲ್ಲಿ ಎಷ್ಟು ಇಂಗಿತೋ ಅಷ್ಟರ ಮೇಲೆ ಹಿಂಗಾರಿ ಬೆಳೆ ನಿಲ್ಲಬೇಕು.

ಇಂಥ ಭೂಮಿಯಲ್ಲಿ ಒಂದೇ ಬೆಳೆಯನ್ನು ನಂಬಿದ ರೈತ ಒಂದು ವರ್ಷ ಗೆದ್ದು ಎರಡು ವರ್ಷ ಸೋಲುತ್ತಾನೆ. ಆದ್ದರಿಂದ ಬೆಳೆಯ ಜೊತೆಗೆ ದನ, ಕುರಿ, ಕೋಳಿ, ಬದುವಿನ ಗಿಡ ಮುಂತಾದವನ್ನು ಕೂಡಿಸಿಕೊಳ್ಳಬೇಕೆಂದು ಇಂದು ಎಲ್ಲ ಕಡೆ ಹೇಳಲಾಗುತ್ತಿದೆ. ಇದಕ್ಕೆ ಸಮಗ್ರ ಕೃಷಿ ಪದ್ಧತಿ ಎಂಬ ಹೆಸರೂ ಬಂದಿದೆ. ಹೆಸರು ಹೊಸದಾದರೂ ಪದ್ಧತಿ ಹೊಸದಲ್ಲ. ಹಿತ್ತಲಲ್ಲಿ ಜೋಳದ ಬಣವೆ, ಮನೆಯ ಅರ್ಧ ಭಾಗದಲ್ಲಿ ದನ, ಊರ ಹೊರಗೆ ತಿಪ್ಪೆ, ಹೊಲದಲ್ಲಿ ಅಕ್ಕಡಿ ಸಾಲು, ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುವುದು, ಇವೆಲ್ಲ ಈ ನಾಡಿನಲ್ಲಿ ಹಿಂದಿನಿಂದ ಇದ್ದವೇ. ಅವುಗಳಲ್ಲಿ ಯಾವ ಕೊಂಡಿ ಕಳಚಿತು, ಅದನ್ನು ಎಲ್ಲಿಂದ ಮತ್ತೆ ಜೋಡಿಸಬೇಕು ಎಂಬುದೇ ಈಗ ವಿಚಾರಿಸಬೇಕಾದ ವಿಷಯ.

ಬೇರೆಡೆಯ ಮಾದರಿ ಇಲ್ಲಿ ಹೊಂದುವುದಿಲ್ಲ

ತುಂಗಭದ್ರಾ ಅಚ್ಚುಕಟ್ಟಿನ ಸಿರುಗುಪ್ಪದಲ್ಲಿ ಭತ್ತ, ಮೀನು, ಕೋಳಿ ಕೂಡಿಸಿದ ಪ್ರಯೋಗಗಳು ನಡೆದು ಒಳ್ಳೆಯ ಫಲ ಕೊಟ್ಟಿವೆ. ಅಲ್ಲಿ ನೀರು ನಿಲ್ಲುತ್ತದೆ, ಮೀನು ಬೆಳೆಯುತ್ತದೆ. ಹುನಗುಂದದ ಒಣಹೊಲದಲ್ಲಿ ತೋಡಿದ ಕೃಷಿ ಹೊಂಡ ಅನೇಕ ವರ್ಷ ಸಂಕ್ರಾಂತಿ ದಾಟುವಷ್ಟರಲ್ಲಿ ತಳ ಕಾಣುತ್ತದೆ. ಅದರಲ್ಲಿ ಮೀನು ಬಿಡುವ ಮಾತು ಹೆಚ್ಚಿನ ರೈತರಿಗೆ ಪ್ರಯೋಜನವಿಲ್ಲದ್ದು. ಹಾಗೆಯೇ ದಿನಕ್ಕೆ ಹೊರೆಗಟ್ಟಲೆ ಹಸಿ ಮೇವು, ಕೊಡಗಟ್ಟಲೆ ನೀರು ಬೇಡುವ ಹೆಚ್ಚು ಹಾಲಿನ ವಿದೇಶಿ ತಳಿಯ ಹಸು ಕೊಳವೆ ಬಾವಿ ಇದ್ದವರ ಸೊತ್ತೇ ಹೊರತು ಒಣಬೇಸಾಯದ ಮನೆಯದಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅವು ಬೇಗ ಬಳಲುತ್ತವೆ.

ಚಿತ್ರಪಟದಲ್ಲಿ ಹಸು, ಕೋಳಿ, ಜೇನು, ರೇಷ್ಮೆ, ಮೀನು ಎಲ್ಲವೂ ಒಂದೇ ಎಕರೆಯಲ್ಲಿ ಚೆನ್ನಾಗಿ ಕೂಡುತ್ತವೆ. ಹೊಲದಲ್ಲಿ ಒಂದರ ಉಳಿಕೆ ಇನ್ನೊಂದರ ಆಹಾರವಾಗದಿದ್ದರೆ ಅದು ಕೂಡಿಸಿದ ಒಕ್ಕಲುತನವಲ್ಲ. ಅದು ಖರ್ಚು ಹಂಚಿದ ಒಕ್ಕಲುತನ. ಎರೆನಾಡಿನಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವ ವಸ್ತು ಮುಖ್ಯವಾಗಿ ಎರಡೇ: ಹೊಲದಿಂದ ಮನೆಗೆ ಬರುವ ಕಣಿಕೆ, ಮನೆಯಿಂದ ಹೊಲಕ್ಕೆ ಹೋಗುವ ಗೊಬ್ಬರ. ಉಳಿದದ್ದು ಇವುಗಳ ಸುತ್ತ ಬೆಳೆಯುತ್ತದೆ.

ನೀರು ನಿಂತರೆ ಕಣಿಕೆ

ಮೊದಲ ಕೆಲಸ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವುದು. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿತ್ತೆಂದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆನೆಲ ಮೊದಲ ಮಳೆಗಳನ್ನು ಬಿರುಕಿನೊಳಗೆ ನುಂಗುತ್ತದೆ. ಆದರೆ ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಮುಂದಿನ ನೀರು ನಿಧಾನವಾಗಿ ಇಂಗುತ್ತದೆ. ಉತ್ತರಿಯ ದೊಡ್ಡ ಮಳೆ ಬರುವುದೇ ಆ ಹೊತ್ತಿಗೆ. ನೂರು ಅಡಿಗೆ ಒಂದೆರಡು ಅಡಿ ಇಳಿಜಾರಿದ್ದರೂ ಸಾಕು, ನೀರಿನೊಂದಿಗೆ ಮೇಲ್ಮಣ್ಣೂ ಹಳ್ಳ ಸೇರುತ್ತದೆ. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ಸಿಗುವಂಥ 150 ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲದು. ಆ ಕಣಜ ತುಂಬಿದರೆ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಜೋಳ ತೆನೆ ಹಿಡಿಯುತ್ತದೆ.

ಈ ವಿಷಯದಲ್ಲಿ ಹುನಗುಂದದವರು ಹೊರಗಿನಿಂದ ಕಲಿಯುವುದಕ್ಕಿಂತ ಕಲಿಸುವುದೇ ಹೆಚ್ಚು. ಇಳಿಜಾರಿಗೆ ಅಡ್ಡಲಾಗಿ ಎತ್ತರದ ಒಡ್ಡು ಹಾಕಿ, ಒಡ್ಡಿನೊಳಗಿನ ಹೊಲವನ್ನು ವರ್ಷ ವರ್ಷಕ್ಕೆ ಸಮ ಮಾಡುತ್ತ ಬಂದು, ಹೆಚ್ಚಾದ ನೀರು ಮಾತ್ರ ಗುಂಡಾವರ್ತಿ ಎನ್ನುವ ಕಲ್ಲಿನ ಕೋಡಿಯಿಂದ ಕೆಳಗಿನ ಹೊಲಕ್ಕೆ ಇಳಿಯುವಂತೆ ಮಾಡುವುದು ಇಲ್ಲಿಯ ರೂಢಿ. ಹುನಗುಂದದ ನಾಗರಾಳ ಮನೆತನದವರು ಈ ಕೆಲಸಕ್ಕೆ ರಾಜ್ಯದಲ್ಲೇ ಹೆಸರಾದವರು. ಒಣಬೇಸಾಯದ ಮಾತು ಬಂದಲ್ಲೆಲ್ಲ ಮಲ್ಲಣ್ಣ ನಾಗರಾಳರ ಹೊಲಗಳ ಮಾತು ಬರುತ್ತದೆ. ಒಡ್ಡು ಹಾಕಿ ಕೋಡಿ ಇಡದಿದ್ದರೆ ಮೊದಲ ದೊಡ್ಡ ಮಳೆಗೇ ಒಡ್ಡು ಒಡೆಯುತ್ತದೆ. ಕೋಡಿಯ ಕಲ್ಲು ಹೊಲದ ಮಟ್ಟಕ್ಕಿಂತ ಎಷ್ಟು ಮೇಲಿರಬೇಕು ಎಂಬುದರಲ್ಲಿಯೇ ಇದರ ಜಾಣತನವಿದೆ. ಕೆಳಗಿದ್ದರೆ ನೀರು ನಿಲ್ಲದು. ತೀರ ಮೇಲಿದ್ದರೆ ನೀರು ದಿನಗಟ್ಟಲೆ ನಿಂತು ಬಿತ್ತಿಗೆಯ ಹದ ತಪ್ಪುತ್ತದೆ.

ಒಡ್ಡಿನ ಖರ್ಚು ತಡೆಯದವರಿಗೆ ವಿಜಾಪುರದ ದಾರಿ ಇದೆ. ಅಲ್ಲಿಯ ಒಣಬೇಸಾಯ ಸಂಶೋಧನಾ ಕೇಂದ್ರ 1933ರಿಂದ ಇಂಥ ಭೂಮಿಯ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ಮುಂಗಾರಿನಲ್ಲಿ ಬೆಳೆ ಇಡದ ಹೊಲವನ್ನು ಜೂನ್, ಜುಲೈ ತಿಂಗಳಲ್ಲಿಯೇ ಸಣ್ಣ ಬದುಗಳಿಂದ ಚೌಕು ಮಡಿಗಳಾಗಿ ವಿಂಗಡಿಸಿ, ಬಿತ್ತುವವರೆಗೆ ಬೀಳುವ ಮಳೆಯನ್ನೆಲ್ಲ ಅಲ್ಲಿಯೇ ಹಿಡಿಯುವ ಪದ್ಧತಿ ಆ ಕೇಂದ್ರದ ಮುಖ್ಯ ಶಿಫಾರಸುಗಳಲ್ಲಿ ಒಂದು. ಎತ್ತಿನ ಹಿಂದೆ ಕಟ್ಟುವ ಮಡಿ ಕಟ್ಟುವ ಸಾಧನದಿಂದ ಇದು ಸುಲಭ. ಮಡಿ ಕಟ್ಟದವರು ಕನಿಷ್ಠ ಪಕ್ಷ ಪ್ರತಿ ಹದ ಮಳೆಯ ನಂತರ ಕುಂಟಿಯಿಂದ ಹರಗಿ ಕಸ ತೆಗೆದು ಇಳಿಜಾರಿಗೆ ಅಡ್ಡಲಾಗಿ ಬಿತ್ತಬೇಕು.

2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಿಂದ ಅನೇಕ ಹೊಲಗಳಲ್ಲಿ ಹೊಂಡಗಳಾಗಿವೆ. ಹೊಂಡದ ನೀರನ್ನು ಹನಿ ಹನಿ ಹತ್ತು ಬೆಳೆಗೆ ಹಂಚುವುದಕ್ಕಿಂತ, ಹೂವಾಡುವ ಹೊತ್ತಿಗೆ ಜೋಳಕ್ಕೋ ಕಡಲೆಗೋ ಒಂದು ಸಲ ಕೊಡುವುದು ಮೇಲು. ಸ್ವಲ್ಪ ನೀರನ್ನು ಬೇಸಿಗೆಯಲ್ಲಿ ದನಕ್ಕೆ ಕುಡಿಸಲು ಉಳಿಸಿಕೊಳ್ಳಬೇಕು.

ಜೋಳ ಹೋದರೆ ಹಿಂದೆಯೇ ದನ ಹೋಗುತ್ತದೆ

ಈ ಭಾಗದಲ್ಲಿ ಕಡಲೆಯ ಕ್ಷೇತ್ರ ಬೆಳೆಯುತ್ತ, ಜೋಳದ ಕ್ಷೇತ್ರ ಇಳಿಯುತ್ತ ಬಂದಿದೆ. ಇದಕ್ಕೆ ರೈತರನ್ನು ದೂರಿ ಫಲವಿಲ್ಲ. ಕಡಲೆಗೆ ಬೆಂಬಲ ಬೆಲೆಯಲ್ಲಿ ಖರೀದಿಯಾಗುತ್ತದೆ, ರಾಶಿ ಬೇಗ ಮುಗಿಯುತ್ತದೆ, ಹಕ್ಕಿ ಕಾಯುವ ಕೆಲಸವಿಲ್ಲ. ಜೋಳವನ್ನಾದರೋ ಬೇರು ಸಹಿತ ಕೀಳಬೇಕು, ತೆನೆ ಮುರಿಯಬೇಕು, ಸೂಡು ಕಟ್ಟಬೇಕು, ಬಣವೆ ಒಟ್ಟಬೇಕು. ಕೀಳುವ ಆಳುಗಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಹೆಚ್ಚು. ಇಳಕಲ್ಲಿನ ಕಲ್ಲಿನ ಗಣಿಗಳಿಗೆ, ಗೋವೆಗೆ, ಮಂಗಳೂರಿಗೆ ಆಳುಗಳು ಹೋಗುವ ಕಾಲವಿದು.

ಆದರೆ ಕಾಳಿನ ಲೆಕ್ಕ ಮಾತ್ರ ಮಾಡಿ ಜೋಳ ಬಿಟ್ಟವರು ಬೇರೆ ಒಂದು ಲೆಕ್ಕವನ್ನು ಮರೆತಿರುತ್ತಾರೆ. ಹದವಾದ ವರ್ಷದಲ್ಲಿ ಒಂದು ಎಕರೆ ಹಿಂಗಾರಿ ಜೋಳ 4–5 ಕ್ವಿಂಟಲ್ ಕಾಳಿನ ಜೊತೆಗೆ ಒಂದೂವರೆ ಟನ್ನಿನಿಂದ ಎರಡು ಟನ್ ಕಣಿಕೆ ಕೊಡುತ್ತದೆ. ಒಂದು ಎಕರೆ ಕಡಲೆಯಿಂದ ಬರುವ ಹೊಟ್ಟು ಕೆಲವೇ ಕ್ವಿಂಟಲ್. ಯಂತ್ರದಿಂದ ಕೊಯ್ದು ರಾಶಿ ಮಾಡಿದರೆ ಅದೂ ಹೊಲದಲ್ಲಿ ಚೆದುರಿ ಹೋಗುತ್ತದೆ. ಎರಡು ವರ್ಷ ಜೋಳ ಬಿತ್ತದ ಮನೆಯಲ್ಲಿ ಬಣವೆ ಕರಗುತ್ತದೆ. ಮೂರನೆಯ ವರ್ಷ ಎತ್ತು ಸಂತೆ ಸೇರುತ್ತವೆ, ಅದರಾಚೆ ತಿಪ್ಪೆಯ ಗುಂಡಿ ಬರಿದಾಗುತ್ತದೆ. ಗೊಬ್ಬರ ಕಾಣದ ಎರೆನೆಲ ಹೆಪ್ಪುಗಟ್ಟಿದಂತಾಗಿ ಮಳೆಯ ನೀರನ್ನು ಮೊದಲಿನಂತೆ ಕುಡಿಯುವುದಿಲ್ಲ. ಹೀಗೆ ಜೋಳದಿಂದ ಆರಂಭವಾದ ಕೊರತೆ ನೀರಿನ ಕೊರತೆಯಲ್ಲಿ ಬಂದು ಮುಟ್ಟುತ್ತದೆ. ಮೇಲಾಗಿ ಕಡಲೆಯ ಮೇಲೆ ಕಡಲೆ ಬಿತ್ತಿದ ಹೊಲದಲ್ಲಿ ಸೊರಗು ರೋಗ ಬೇರೂರುತ್ತದೆ. ಆ ರೋಗದ ಶಿಲೀಂಧ್ರ ಮಣ್ಣಿನಲ್ಲಿಯೇ ವರ್ಷಗಟ್ಟಲೆ ಬದುಕಿರುತ್ತದೆ. ಜೋಳದ ಜೊತೆ ಸರದಿ ಹಾಕಿದರೆ ಅದರ ಬಾಧೆ ತಗ್ಗುತ್ತದೆ.

ಹಾಗೆಂದು ಕಡಲೆ ಬಿಡಬೇಕೆಂದಲ್ಲ. ಹಣದ ಬೆಳೆ ಬೇಕೇ ಬೇಕು. ಕಡಲೆಯ ಜೊತೆಗೆ ಕುಸುಬಿಯ ಅಕ್ಕಡಿ ಸಾಲು ಹಾಕುವುದು, ಬಿತ್ತುವಾಗ ಅಲ್ಲಲ್ಲಿ ಜೋಳದ ಕಾಳು ಬೆರೆಸಿ ಹಕ್ಕಿ ಕೂರಲು ತಾಣ ಮಾಡುವುದು ಕಾಯಿಕೊರಕ ಹುಳುವಿನ ಹತೋಟಿಗೂ ಒಳ್ಳೆಯದು. ಬಿತ್ತಿದ 30–35 ದಿನಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ಮನೆಗೆ ಪಲ್ಯವೂ ಆಗುತ್ತದೆ.

ಹತ್ತು ಎಕರೆಯ ಒಂದು ಲೆಕ್ಕ

ಉದಾಹರಣೆಗೆ ಹತ್ತು ಎಕರೆ ಎರೆಭೂಮಿಯ ಒಂದು ಮನೆ ಎಂದುಕೊಳ್ಳಬಹುದು. ಒಡ್ಡು, ಹೊಂಡ, ದಾರಿ, ಕಣಕ್ಕೆ ಒಂದು ಎಕರೆ ಹೋದರೆ ಬಿತ್ತಲು ಉಳಿಯುವುದು ಒಂಬತ್ತು. ಅದರಲ್ಲಿ ನಾಲ್ಕು ಎಕರೆ ಜೋಳ, ಮೂರು ಎಕರೆ ಕಡಲೆ, ಎರಡು ಎಕರೆ ಮುಂಗಾರಿಯಲ್ಲಿ ಸಜ್ಜೆಯ ನಡುವೆ ತೊಗರಿ. ಜೋಳಕ್ಕೆ ಎಂ 35-1, ಅಂದರೆ ಮಾಲದಂಡಿ, ಇಂದಿಗೂ ಹಿಂದೆ ಬಿದ್ದಿಲ್ಲ. ಅದರ ಕಣಿಕೆಯನ್ನು ದನ ಬಯಸಿ ತಿನ್ನುತ್ತವೆ. ಹೊಸ ತಳಿ ಆರಿಸುವಾಗ ಕಾಳಿನ ಇಳುವರಿ ಮಾತ್ರ ಕೇಳದೆ ಕಣಿಕೆ ಎಷ್ಟು, ಎಂಥದ್ದು ಎಂದೂ ಕೇಳಬೇಕು.

ಮೇವು ಬರುವುದು ಇಷ್ಟು. ಜೋಳ ಎಕರೆಗೆ 1.6 ಟನ್ನಿನಂತೆ 6.4 ಟನ್, ಸಜ್ಜೆಯ ಸೊಪ್ಪೆ ಸುಮಾರು 1 ಟನ್, ಕಡಲೆ ತೊಗರಿಗಳ ಹೊಟ್ಟು 1.3 ಟನ್, ಒಡ್ಡಿನ ಹುಲ್ಲು ಅರ್ಧ ಟನ್. ಒಟ್ಟು 9.2 ಟನ್.

ಮೇವು ಬೇಕಾಗುವುದು ಎಷ್ಟು? 400 ಕಿಲೋ ತೂಗುವ ಒಂದು ಎತ್ತಿಗೆ ದಿನಕ್ಕೆ 9 ಕಿಲೋ ಒಣಮೇವೆಂದರೂ ಒಂದು ಜೋಡಿಗೆ ವರ್ಷಕ್ಕೆ 6.5 ಟನ್. ಕರುವಿನ ಸಹಿತ ಒಂದು ಎಮ್ಮೆಗೆ 4 ಟನ್. ಕೂಡಿದರೆ 10.5 ಟನ್. ಅಂದರೆ ಹತ್ತು ಎಕರೆಯ ಒಳ್ಳೆಯ ವರ್ಷದ ಬೆಳೆ ಕೂಡ ಒಂದು ಜೋಡಿ ಎತ್ತು, ಒಂದು ಎಮ್ಮೆಯನ್ನು ಪೂರ್ತಿ ಸಾಕುವುದಿಲ್ಲ. ಒಂದು ಟನ್ನಿಗೂ ಮೇಲ್ಪಟ್ಟು ಕಡಿಮೆ ಬೀಳುತ್ತದೆ. ಜೋಳವನ್ನು ಎರಡು ಎಕರೆಗೆ ಇಳಿಸಿದರೆ ಮೂರು ಟನ್ನಿನಷ್ಟು ಮತ್ತೆ ಕಡಿಮೆ. ಹೊಸ ದನ ತರುವ ಮೊದಲು ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ಹೊಲಕ್ಕೆ ತಕ್ಕಂತೆ ಹಾಕಿಕೊಳ್ಳಬೇಕು. ಯೋಜನೆಗಳಲ್ಲಿ ರಾಸುಗಳನ್ನು ಹಂಚುವಾಗ ವಿಸ್ತರಣಾ ಕಾರ್ಯಕರ್ತರೂ ಬ್ಯಾಂಕಿನ ಕಾಗದಗಳನ್ನು ನೋಡುವುದಕ್ಕೆ ಮೊದಲು ಬಣವೆಯನ್ನು ನೋಡುವುದು ಒಳ್ಳೆಯದು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ವರ್ಷದಲ್ಲಿ ಅರವತ್ತು, ಎಪ್ಪತ್ತು ದಿನ ಮಾತ್ರ ದುಡಿದು ಉಳಿದ ದಿನ ಗೋದಲಿಯಲ್ಲಿ ನಿಲ್ಲುವ ಜೋಡಿಯನ್ನು ಸಾಕುವುದು ಹತ್ತು ಎಕರೆಯ ಎಲ್ಲ ಮನೆಗಳಿಗೆ ಇಂದು ಸಾಧ್ಯವಿಲ್ಲ. ಟ್ರ್ಯಾಕ್ಟರ್ ಬಾಡಿಗೆಗೆ ಸಿಗುವ ಊರಿನಲ್ಲಿ ಜೋಡಿಯ ಬದಲು ಎರಡು ಎಮ್ಮೆ ಕಟ್ಟಿದರೆ ಮೇವು 8 ಟನ್ನಿಗೆ ಮುಗಿಯುತ್ತದೆ, ಗೊಬ್ಬರ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ, ಹಾಲೂ ಆಗುತ್ತದೆ. ಈ ಭಾಗದ ಒಣಮೇವಿಗೆ, ಬಿಸಿಲಿಗೆ ಒಗ್ಗಿದ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆಯೂ ದೊರೆತಿದೆ. ಖಿಲಾರಿ ಜೋಡಿಯ ಮೇಲಿನ ಅಭಿಮಾನ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹರಗುವುದು, ಎಡೆ ಹೊಡೆಯುವುದು ಟ್ರ್ಯಾಕ್ಟರಿಗಿಂತ ಎತ್ತಿನಿಂದ ಹದನಾಗಿ ಆಗುವುದೂ ನಿಜ. ಅಂಥ ಕೆಲಸಕ್ಕೆ ಅಕ್ಕಪಕ್ಕದ ಇಬ್ಬರು ಕೂಡಿ ಒಂದು ಜೋಡಿ ಇಟ್ಟುಕೊಂಡು, ಒಬ್ಬೊಬ್ಬರು ಒಂದೊಂದು ಎಮ್ಮೆ ಸಾಕುವುದು ನಡುವಿನ ದಾರಿ. ಮುಖ್ಯ ಮಾತೆಂದರೆ ಎತ್ತು ಹೋದ ಜಾಗ ಬರಿದಾಗಿ ಉಳಿಯಬಾರದು.

ಕಣಿಕೆಯನ್ನು ಇಡಿಯಾಗಿ ಹಾಕಿದರೆ ದಂಟಿನ ಬುಡವನ್ನು ದನ ಬಿಡುತ್ತವೆ. ಕತ್ತರಿಸಿ ಹಾಕಿದರೆ ಉಳಿಕೆ ಬಹಳ ಕಡಿಮೆಯಾಗುತ್ತದೆ. ಮೇಲಿನ ಲೆಕ್ಕದಲ್ಲಿ ಕಂಡ ಕೊರತೆಯ ಒಂದು ಪಾಲನ್ನು ಮೇವು ಕತ್ತರಿಸುವ ಯಂತ್ರವೇ ತುಂಬಬಲ್ಲದು. ಕಡಲೆ, ತೊಗರಿ, ಹೆಸರಿನ ಹೊಟ್ಟಿನಲ್ಲಿ ಕಣಿಕೆಗಿಂತ ಸಾರಜನಕದ ಅಂಶ ಹೆಚ್ಚು. ಅದನ್ನು ಮಳೆಗೆ ನೆನೆಯದಂತೆ ಇಟ್ಟು, ಹಾಲು ಕರೆಯುವ ರಾಸಿಗೆ ಕಣಿಕೆಯ ಜೊತೆ ಬೆರೆಸಿ ಕೊಡಬೇಕು. ಗಾಣದಿಂದ ಬಂದ ಕುಸುಬಿ ಹಿಂಡಿ ಮನೆಯ ದನಕ್ಕೆ ಮುಟ್ಟಲಿ. ಇನ್ನೊಂದು ಎಚ್ಚರಿಕೆ: ಮಳೆ ಕೈಕೊಟ್ಟು ಮೊಣಕಾಲೆತ್ತರಕ್ಕೇ ಬಾಡಿದ ಜೋಳವನ್ನೂ ಕೀಳದೆ ಕೊಯ್ದಲ್ಲಿ ಒಡೆದ ಎಳೆಯ ಕುಳೆಯನ್ನೂ ದನಕ್ಕೆ ಮೇಯಿಸಬಾರದು. ಅದರಲ್ಲಿರುವ ಸಯನೈಡ್ ವಿಷದಿಂದ ರಾಸು ಗಳಿಗೆಯಲ್ಲಿ ಸಾಯಬಹುದು. ಬೆಳೆ ಹೂವಾಡಿದ ಮೇಲೆ, ಇಲ್ಲವೆ ಕೊಯ್ದು ಚೆನ್ನಾಗಿ ಒಣಗಿಸಿದ ಮೇಲೆ ಈ ಭಯ ಬಹುಮಟ್ಟಿಗೆ ಇಲ್ಲ.

ತಿಪ್ಪೆಯಿಂದ ಏನು ಬರುತ್ತದೆ, ಏನು ಬರುವುದಿಲ್ಲ

ಮೂರು ದೊಡ್ಡ ರಾಸುಗಳಿಂದ ದಿನಕ್ಕೆ 30–35 ಕಿಲೋ ಹಸಿ ಸಗಣಿ ಬಂದರೆ ವರ್ಷಕ್ಕೆ ಸುಮಾರು 12 ಟನ್. ಮೇವಿನ ಉಳಿಕೆ, ಕಸ ಕಡ್ಡಿ ಸೇರಿ ಕೊಳೆತು ಅರ್ಧಕ್ಕೆ ಇಳಿದು ಹೊಲಕ್ಕೆ ಹೋಗುವಾಗ 6 ಟನ್ ಎನ್ನಬಹುದು. ಎಕರೆಗೆ ಎರಡು ಟನ್ನಿನಂತೆ ಹಾಕಿದರೆ ಮೂರು ಎಕರೆಗೆ ಸಾಕು. ಒಂಬತ್ತು ಎಕರೆಗೆ ಸರದಿ ಬರಲು ಮೂರು ವರ್ಷ. ಪ್ರತಿ ವರ್ಷ ಎಲ್ಲ ಹೊಲಕ್ಕೂ ಒಂದೊಂದು ಬುಟ್ಟಿ ಚೆಲ್ಲುವುದಕ್ಕಿಂತ ಹೀಗೆ ಸರದಿಯ ಮೇಲೆ ಪೂರ್ತಿ ಹಾಕುವುದು ಸರಿಯಾದ ಕ್ರಮ.

ಈ 6 ಟನ್ ಗೊಬ್ಬರದಲ್ಲಿ ಇರುವ ಸಾರಜನಕ ಸುಮಾರು 30 ಕಿಲೋ, ಅಂದರೆ ಈಗಿನ 45 ಕಿಲೋ ಚೀಲದ ಯೂರಿಯಾ ಒಂದೂವರೆ ಚೀಲ. ಇಷ್ಟಕ್ಕಾಗಿ ವರ್ಷವಿಡೀ ದನ ಸಾಕಬೇಕೇ ಎಂದು ಕೇಳುವವರಿದ್ದಾರೆ. ಸಾರಜನಕವೊಂದನ್ನೇ ನೋಡಿದರೆ ಅವರ ಪ್ರಶ್ನೆ ಸರಿ. ಆದರೆ ಯೂರಿಯಾ ಮಣ್ಣನ್ನು ಬಿಡಿಬಿಡಿಯಾಗಿ ಮಾಡುವುದಿಲ್ಲ, ಇಂಗುವ ನೀರನ್ನು ಹೆಚ್ಚಿಸುವುದಿಲ್ಲ, ಸತು ಕಬ್ಬಿಣಗಳನ್ನು ಕೊಡುವುದಿಲ್ಲ. ಎರೆಭೂಮಿಯಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಗೊಬ್ಬರ ಹಾಕಿದ ಹೊಲದಲ್ಲಿ ಬಿರುಕು ತಡವಾಗಿ ಬಿಡುವುದನ್ನೂ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಬೆಳೆ ಇನ್ನೂ ಹಸುರಾಗಿರುವುದನ್ನೂ ರೈತರು ಬಲ್ಲರು. ಗೊಬ್ಬರದ ಜೊತೆಗೆ ಶಿಫಾರಸಿನ ರಾಸಾಯನಿಕ ಗೊಬ್ಬರವೂ ಬೇಕು. ಒಂದು ಇನ್ನೊಂದರ ಬದಲಿಯಲ್ಲ.

ಬಿಸಿಲಿಗೆ ಬಿಟ್ಟ ತಿಪ್ಪೆ ಅರ್ಧ ಸತ್ವ ಕಳೆದುಕೊಳ್ಳುತ್ತದೆ. ಬೇವಿನ ಮರದ ನೆರಳಿನಲ್ಲಿ ಮೂರು ಅಡಿ ಆಳದ ಗುಂಡಿ ತೆಗೆದು, ಸಗಣಿ, ಕಸ, ತೆಳುವಾಗಿ ಮಣ್ಣು, ಹೀಗೆ ಪದರು ಪದರಾಗಿ ತುಂಬಿ ಮೇಲೆ ಮಣ್ಣು ಮೆತ್ತಬೇಕು. ಸಗಣಿಗಿಂತ ಗಂಜಳದಲ್ಲಿ ಸಾರಜನಕ ಹೆಚ್ಚು. ದನದ ಮನೆಯ ನೆಲಕ್ಕೆ ಒಣ ಮಣ್ಣನ್ನೋ ಹೊಟ್ಟಿನ ಪುಡಿಯನ್ನೋ ಹಾಸಿ ಎರಡು ದಿನಕ್ಕೊಮ್ಮೆ ಗುಂಡಿಗೆ ತೆಗೆದರೆ ಅದು ಪೋಲಾಗುವುದಿಲ್ಲ. ಕುಳ್ಳು ತಟ್ಟಿ ಒಲೆಗೆ ಹಾಕುವುದು ಅಡುಗೆ ಅನಿಲ ಬಂದ ಮೇಲೆ ಕಡಿಮೆಯಾಗಿದೆ, ನಿಂತಿಲ್ಲ. ನಾಲ್ಕೈದು ರಾಸು ಇದ್ದವರು ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕ ಕಟ್ಟಿಸಬಹುದು. ಅದಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು, ಆದ್ದರಿಂದ ಎರಡೇ ರಾಸಿನವರು ಅದರ ಗೊಡವೆಗೆ ಹೋಗಬಾರದು.

ಕುರಿ, ಕೋಳಿ, ಬದುವಿನ ಗಿಡ

ತನ್ನ ದನದಿಂದ ಸಾಲದ ಗೊಬ್ಬರವನ್ನು ಎರೆನಾಡಿನ ರೈತ ಹಿಂದಿನಿಂದಲೂ ಕುರಿಗಾರರಿಂದ ಪಡೆಯುತ್ತಿದ್ದಾನೆ. ಸುಗ್ಗಿಯ ನಂತರ ಖಾಲಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಕಾಳನ್ನೋ ಹಣವನ್ನೋ ಕೊಡುವುದು ಈಗಲೂ ನಡೆದಿದೆ. ಸಾವಿರ ಕುರಿ ಒಂದು ರಾತ್ರಿ ಒಂದು ಎಕರೆಯಲ್ಲಿ ನಿಂತರೆ ಹಿಕ್ಕೆ, ಉಚ್ಚೆ ಎರಡೂ ಹೊಲದಲ್ಲಿಯೇ ಬೀಳುತ್ತವೆ. ಚಕ್ಕಡಿಯ ಬಾಡಿಗೆಯಿಲ್ಲ, ಹೇರುವ ಆಳಿಲ್ಲ. ಮರುದಿನ ಬೆಳಿಗ್ಗೆಯೇ ಕುಂಟಿ ಹೊಡೆದು ಮಣ್ಣಲ್ಲಿ ಬೆರೆಸದಿದ್ದರೆ ಬೇಸಿಗೆಯ ಗಾಳಿ ಬಿಸಿಲಿಗೆ ಸತ್ವ ಹಾರಿಹೋಗುತ್ತದೆ. ಬಹಳಷ್ಟು ಕಡೆ ಈ ಕೊನೆಯ ಕೆಲಸವೇ ತಪ್ಪುತ್ತದೆ.

ಸ್ವಂತ ಕುರಿ ಸಾಕುವವರಿಗೆ ಹತ್ತು ಹೆಣ್ಣು, ಒಂದು ಟಗರು ಸಾಕು. ಒಂದು ಕುರಿಗೆ ದಿನಕ್ಕೆ ಒಂದು ಕಿಲೋ ಒಣಮೇವೆಂದರೂ ಹನ್ನೊಂದು ಕುರಿಗೆ ವರ್ಷಕ್ಕೆ ನಾಲ್ಕು ಟನ್ನಾಗುತ್ತದೆ. ಮೇಲಿನ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಒಡ್ಡಿನ ಹುಲ್ಲು, ಕೊಯ್ದ ಹೊಲ, ಊರ ಗಾಂವಠಾಣೆಗಳಲ್ಲಿ ಮೇಯಿಸುವ ಆಳು ಮನೆಯಲ್ಲಿದ್ದರೆ ಮಾತ್ರ ಕುರಿ ಹಿಡಿಯಬೇಕು. ಬಾಗಲಕೋಟೆ ಜಿಲ್ಲೆಯದೇ ಆದ ಯಳಗ ಕುರಿ ಬಹಳ ದೂರ ನಡೆಯಬಲ್ಲದು, ಒಣ ಹುಲ್ಲಿಗೆ ಒಗ್ಗಿದ್ದು. ಮಾರಾಟಕ್ಕೆ ಕಷ್ಟವಿಲ್ಲ. ಕರದಂಟಿಗೆ ಹೆಸರಾದ ಅಮೀನಗಡ ಕುರಿ ಸಂತೆಗೂ ಹೆಸರಾದ ಊರು. ಮಳೆಗಾಲಕ್ಕೆ ಮುಂಚೆ ಕರುಳು ಬೇನೆಗೆ ಲಸಿಕೆ, ಪಶುವೈದ್ಯರು ಹೇಳಿದಂತೆ ಪಿ.ಪಿ.ಆರ್. ಹಾಗೂ ನೀಲಿ ನಾಲಿಗೆ ರೋಗದ ಲಸಿಕೆ ಹಾಕಿಸಲೇಬೇಕು. ದನಕ್ಕೂ ಅಷ್ಟೇ, 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹಬ್ಬಿ ಅನೇಕ ಮನೆಗಳ ರಾಸುಗಳನ್ನು ಒಯ್ದಿತು.

ಹತ್ತಿಪ್ಪತ್ತು ಜವಾರಿ ಇಲ್ಲವೆ ಗಿರಿರಾಜ ಕೋಳಿಗಳನ್ನು ಹಿತ್ತಲಲ್ಲಿ ಬಿಟ್ಟು ಸಾಕುವುದು ಹೆಣ್ಣುಮಕ್ಕಳ ಕೈಯ ವಾರದ ಖರ್ಚಿಗೆ ದಾರಿ. ಕಣದ ಉದುರು ಕಾಳು, ಕಸ, ಹುಳ ಅವುಗಳ ಆಹಾರ. ಕೊಕ್ಕರೆ ರೋಗದ ಲಸಿಕೆ ಹಾಕಿಸದವರು ಬೇಸಿಗೆಯಲ್ಲಿ ಒಂದೇ ವಾರದಲ್ಲಿ ಎಲ್ಲವನ್ನೂ ಕಳೆದುಕೊಂಡ ಉದಾಹರಣೆಗಳು ಪ್ರತಿ ಊರಲ್ಲಿಯೂ ಇವೆ. ಇಳಕಲ್ಲ, ಕಮತಗಿ, ಸೂಳೇಭಾವಿ ಕಡೆಯ ಮನೆಗಳಲ್ಲಿ ಮಗ್ಗದ ಕೆಲಸವೂ ಒಕ್ಕಲುತನದ ಜೊತೆ ಕೂಡಿಬರುತ್ತದೆ.

ಒಡ್ಡಿನ ಮೇಲೆ ಏನು ಹಚ್ಚಬೇಕೆಂಬುದರಲ್ಲಿ ಆತುರ ಬೇಡ. ಒಡ್ಡಿನ ಇಳಿಜಾರಿಗೆ ಅಂಜನ್ ಹುಲ್ಲು, ಸ್ಟೈಲೋ ಹಾಕಿದರೆ ಮಣ್ಣು ಕಟ್ಟುತ್ತದೆ, ಮೇವೂ ಆಗುತ್ತದೆ. ಗ್ಲಿರಿಸಿಡಿಯಾದ ಎಲೆ ಒಳ್ಳೆಯ ಹಸಿರು ಗೊಬ್ಬರ, ಅದನ್ನು ದನ ಕುರಿಗಳು ಸುಲಭವಾಗಿ ಮುಟ್ಟುವುದಿಲ್ಲವಾದ್ದರಿಂದ ಗಿಡ ಉಳಿಯುತ್ತದೆ. ಸುಬಾಬುಲ್ ಸೊಪ್ಪನ್ನು ಮೇವಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಕಬಾರದು, ಹೆಚ್ಚಾದರೆ ಅದರಲ್ಲಿಯ ನಂಜಿನ ಅಂಶದಿಂದ ಕೂದಲು ಉದುರುತ್ತದೆ. ಬೇವು, ಬಾರಿ, ಹುಣಸೆ ಅಲ್ಲೊಂದು ಇಲ್ಲೊಂದು ಇರಲಿ. ಸಾಲಾಗಿ ಮರ ಬೆಳೆಸಿದರೆ ಅದರ ಬೇರು ಜೋಳದ ಪಾಲಿನ ನೀರನ್ನೇ ಹೀರುತ್ತದೆ. ಕೊಳವೆ ಬಾವಿಯ ಬಲದಿಂದ ಹೊಲವನ್ನೆಲ್ಲ ದಾಳಿಂಬೆಗೆ ಹಾಕಿದವರಿಗೆ ದುಂಡಾಣು ಅಂಗಮಾರಿ ರೋಗ ಕಲಿಸಿದ ಪಾಠ ಈ ಜಿಲ್ಲೆಯವರಿಗೆ ಗೊತ್ತಿದ್ದದ್ದೇ. ಹಣ್ಣಿನ ತೋಟವಿರಲಿ, ಒಂದು ಎಕರೆಯಷ್ಟಿರಲಿ.

ಬರದ ವರ್ಷ

ಈ ಪದ್ಧತಿಯ ನಿಜವಾದ ಪರೀಕ್ಷೆ ಬರದಲ್ಲಿ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷ ಕಣಿಕೆ ಅರ್ಧಕ್ಕೆ ಇಳಿಯುತ್ತದೆ, ಅದರ ಬೆಲೆ ಕಾಳಿನ ಬೆಲೆಯೊಂದಿಗೆ ಪೈಪೋಟಿಗೆ ನಿಲ್ಲುತ್ತದೆ. ಮೇವಿಲ್ಲದವರು ರಾಸುಗಳನ್ನು ಸಿಕ್ಕ ಬೆಲೆಗೆ ಕೊಟ್ಟು, ಮಳೆಯಾದ ವರ್ಷ ಎರಡು ಪಟ್ಟು ಕೊಟ್ಟು ಕೊಳ್ಳುತ್ತಾರೆ. ಇದನ್ನು ತಪ್ಪಿಸಲು ಇರುವ ಉಪಾಯ ಹಳೆಯದು: ಒಳ್ಳೆಯ ವರ್ಷದ ಕಣಿಕೆಯನ್ನು ಆ ವರ್ಷವೇ ಮಾರಿ ಮುಗಿಸದೆ ಒಂದು ಬಣವೆಯನ್ನು ಮುಟ್ಟದೆ ಇಡುವುದು. ಎತ್ತರದ ಜಾಗದಲ್ಲಿ ಕಲ್ಲು, ಕಟ್ಟಿಗೆ ಹಾಸಿ, ನೀರು ಜಾರುವಂತೆ ಮೇಲೆ ಇಳಿಜಾರಾಗಿ ಒಟ್ಟಿದ ಬಣವೆ ಎರಡು ವರ್ಷ ಕೆಡುವುದಿಲ್ಲ.

ಹಸ್ತಿ, ಚಿತ್ತಿ ಮಳೆ ತಪ್ಪಿದ್ದು ಅಕ್ಟೋಬರ್ ಕೊನೆಗೆ ತಿಳಿದುಹೋಗುತ್ತದೆ. ಯಾವ ರಾಸು ಉಳಿಯಬೇಕು, ಯಾವುದನ್ನು ಮಾರಬೇಕೆಂಬುದನ್ನು ಆಗಲೇ ನಿರ್ಧರಿಸಬೇಕು. ದೀಪಾವಳಿಯ ಸುಮಾರಿಗೆ ಸಂತೆಗೆ ಹೋದ ಟಗರು, ಬರಡು ಎಮ್ಮೆ, ಮುದಿ ಎತ್ತಿಗೆ ಬೆಲೆ ಇರುತ್ತದೆ. ಮಾರ್ಚಿನಲ್ಲಿ ಊರಿಗೆ ಊರೇ ಮಾರಲು ಹೊರಟಾಗ ಇರುವುದಿಲ್ಲ. ಕೊನೆಯವರೆಗೆ ಉಳಿಸಿಕೊಳ್ಳಬೇಕಾದದ್ದು ಗಬ್ಬದ ಎಮ್ಮೆ, ಎಳೆಯ ಹೆಣ್ಣು ಕುರಿಗಳು. ಕಾಳಾಗದೆ ಒಣಗಿದ ಜೋಳವನ್ನೂ ಹರಗಿ ಹಾಳು ಮಾಡದೆ ಕೊಯ್ದು, ಚೆನ್ನಾಗಿ ಒಣಗಿಸಿ, ಬೇರೆಯೇ ಬಣವೆ ಒಟ್ಟಬೇಕು. ಬೇಸಿಗೆಯಲ್ಲಿ ಹೊಲದ ಕೆಲಸವಿಲ್ಲದಾಗ ಒಡ್ಡಿನ ಹರಕು ಕಟ್ಟಿಸಿ, ಗುಂಡಾವರ್ತಿಯ ಸಡಿಲಾದ ಕಲ್ಲನ್ನು ಕೂಡಿಸಿ, ಹೊಂಡದ ಹೂಳು ತೆಗೆದು ಹೊಲಕ್ಕೆ ಹರಡಿದರೆ ಮುಂದಿನ ರೋಹಿಣಿ ಮಳೆಗೆ ಹೊಲ ಸಿದ್ಧವಾಗಿರುತ್ತದೆ.